ಗೊಂಬೆಯ ಬೆನ್ನು

ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಗಾಜಿನ ಹಿಂದಿನ ಗೊಂಬೆಗೆ ಉಡುಪು ತೊಡಿಸುವುದು ನೀಲವ್ವನ ಕೆಲಸ. ಒಂದು ದಿನ ಮಾಲೀಕ ಪಂಪಣ್ಣ ಗುಡುಗಿದ: "ಇದೇನಮ್ಮ ನಿನ್ನ ಅವತಾರ? ನಾಳೆಯಿಂದ ಆ ಗೊಂಬೆ ಥರ ಸ್ಟೈಲಾಗಿ ಬಾ, ಇಲ್ಲಾಂದ್ರೆ ಬರಲೇಬೇಡ!" ಸಂಬಳ ಹೆಚ್ಚಿಸುವ ಮಾತು ಮಾತ್ರ ಎತ್ತಲಿಲ್ಲ.

ಮರುದಿನ ನೀಲವ್ವ ಥಳಥಳಿಸುವ ರೇಷ್ಮೆ ಕುರ್ತಾದಲ್ಲಿ ಬಂದಳು. ಪಂಪಣ್ಣ ಹಿಗ್ಗಿ ಹೀರೇಕಾಯಿಯಾದ.

"ನಮ್ಮ ಕೆಲಸದವಳೇ ಹೀಗಿದ್ರೆ ನಮ್ಮ ಬಟ್ಟೆ ಹೇಗಿರಬೇಡ!" ಎಂದು ಗಿರಾಕಿಗಳನ್ನು ಕರೆದ. "ಸ್ವಲ್ಪ ತಿರುಗಮ್ಮ."

ತಿರುಗಿದಳು. ಬೆನ್ನಿಗೆ ಹಳೇ ದಿಂಬಿನ ಕವರು, ಅದರ ತುಂಬ ಪಿನ್ನು.

"ಏನಿದು?" ಪಂಪಣ್ಣ ಕಿರುಚಿದ.

"ಗೊಂಬೆ ಥರಾನೇ ಸಾರ್. ಅದರ ಬೆನ್ನಿಗೆ ದಿನಾ ಪಿನ್ನು ಹಾಕೋಳು ನಾನೇ ಅಲ್ವಾ? ನಿಮ್ಮ ಸಂಬಳ ಮುಂಭಾಗಕ್ಕಷ್ಟೇ ಸಾಕಾಯ್ತು."

ಗಿರಾಕಿಯೊಬ್ಬಳು ಗೊಂಬೆಯನ್ನು ತಿರುಗಿಸಿ ನೋಡಲು ಹೊರಟಳು. ಪಂಪಣ್ಣ ಅವಳಿಗಿಂತ ಮುಂಚೆ ಓಡಿ, ಗೊಂಬೆಯ ಬೆನ್ನಿಗೆ ತನ್ನ ಬೆನ್ನು ಒತ್ತಿ ನಿಂತ.

ಪಿನ್ನುಗಳೆಲ್ಲ ಒಟ್ಟಿಗೆ ಚುಚ್ಚಿದವು.