ಗೀರಿನ ನಾಮಕರಣ

ಹುಬ್ಬಳ್ಳಿಯ ಬಸ್ ಬುಕಿಂಗ್ ಕಚೇರಿಯೊಂದರಲ್ಲಿ ಕಪಾಟಿನಷ್ಟು ಎತ್ತರದ ಮೇನ್‌ಫ್ರೇಮ್ ಕಂಪ್ಯೂಟರ್ ಇತ್ತು. ಯಂತ್ರ ಮೇರು ಕಂಪನಿಯದು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಮಾತ್ರ ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್. ಕಚೇರಿಯವರು ಅದನ್ನು 'ಮುಕ್ತ ಮೇರು' ಎಂದು ಕರೆಯುತ್ತಿದ್ದರು.

ಒಂದು ದಿನ ಕಂಪನಿಯ ವಕೀಲರು ಬಂದಿಳಿದರು. ಕೂತ ಕುರ್ಚಿಯೂ ತಮ್ಮದೇ ಎಂಬ ಗತ್ತು.

"ಮೇರು ನಮ್ಮ ಟ್ರೇಡ್‌ಮಾರ್ಕು. ಪುಕ್ಕಟೆ ಸಾಮಾನಿಗೆ ನಮ್ಮ ಹೆಸರೇ? ಸಂಜೆಯೊಳಗೆ ಬೇರೆ ಅರ್ಥದ ಹೆಸರು ಇಡಿ. ಇಲ್ಲವೋ, ನಾಳೆ ಯಂತ್ರ ಕೆಟ್ಟರೂ ನಮ್ಮವರು ಮುಟ್ಟೋದಿಲ್ಲ."

ಯಂತ್ರ ನಿಂತರೆ ಬುಕಿಂಗೇ ನಿಂತಂತೆ. ಮ್ಯಾನೇಜರ್ ಹೊಸ ಹೆಸರಿಗಾಗಿ ತಡಕಾಡಿದರು. ಗುಮಾಸ್ತೆ ಕಸ್ತೂರಕ್ಕ ಟೈಪ್ ಮಾಡುವುದನ್ನೇ ನಿಲ್ಲಿಸಲಿಲ್ಲ.

"ಗೀರು ಅಂತ ಇಡೋಣ್ರಿ, ಸಾಹೇಬ್ರ. ಗೀರು ಅಂದ್ರ ಗೆರಿ. ನಿಮ್ಮದು ಮೇರು ಪರ್ವತ, ನಮ್ಮದೊಂದು ಸಣ್ಣ ಗೆರಿ."

ವಕೀಲರು ಹಿಗ್ಗಿಹೋದರು. "ಭೇಷ್! ಯೋಗ್ಯತೆಗೆ ತಕ್ಕ ಹೆಸರು. ನಮ್ಮ ಪೂರ್ತಿ ಒಪ್ಪಿಗೆ ಇದೆ" ಎಂದು ಎಲ್ಲರೆದುರು ಹೇಳಿ, ಅಲ್ಲೇ ನಿಂತು ತಮ್ಮ ಮಾಲೀಕರಿಗೆ ಫೋನ್ ಹಚ್ಚಿದರು.

"ಕೆಲಸ ಮುಗೀತು ಸಾರ್. ಇನ್ನು ಮೇಲೆ ಇಲ್ಲಿ ಯಾರೂ ಮೇರು ಗೀರು ಅನ್ನೋ ಹಾಗಿಲ್ಲ!"

ತಾವೇ ಆಡಿದ ಮಾತು ವಕೀಲರಿಗೆ ಒಂದು ಗಳಿಗೆ ತಡವಾಗಿ ಕೇಳಿಸಿತು. ಕಾಫಿ ಗೀಫಿ, ಕೇಸು ಗೀಸು ಎನ್ನುವ ನಾಡಿನಲ್ಲಿ ಇನ್ನು ಯಾರು ಮೇರು ಎಂದರೂ ಬೆನ್ನಿಗೇ ಗೀರು ಬರುತ್ತದೆ!

"ಮೋಸ! ನಮ್ಮ ಹೆಸರಿಗೆ ನಿಮ್ಮ ಹೆಸರು ಜೋಡಿಸಿದ್ದೀರಿ!"

ಕಸ್ತೂರಕ್ಕ ತಲೆ ಎತ್ತಲಿಲ್ಲ.

"ನಾವು ಗೀರು ಅಂತ ಅಷ್ಟ ಅಂದೇವ್ರಿ. ಮೇರು ಜೋಡಿಸಿದವರು ನೀವ."