ಮೌನಿ ಹತ್ತರಿ ಮಿಷನ್ ಆರಿಸಿದ್ದು

ಸುಮ್ನೆ ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯದಲ್ಲಿ ಯಾರೂ ಬಾಯಿ ಹಾಕಬಾರದು. ನಗೋರು ನಗಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ನಿಮ್ಮ ಮನೇಲೂ ಇಂಥದ್ದೊಂದು ಉಂಡು ಮಲಗಿರುತ್ತೆ ಅನ್ನೋದು ಗ್ಯಾನ ಇರಲಿ.

ಒಂದೂರಲ್ಲಿ ಕಾಳಮ್ಮ ಅಂತ ಒಬ್ಬಳಿದ್ಳು. ಆಚಾರಿ ಮನೆ ಹೆಂಗಸು. ಗಂಡ ತೀರ್ಕೊಂಡ ಮೇಲೆ ಅವನ ಉಳಿ, ಗರಗಸ, ಹಲಗೆ ಉಜ್ಜಿ ನುಣುಪು ಮಾಡೋ ಹತ್ತರಿ ಎಲ್ಲಾ ತಾನೇ ಹಿಡಿದ್ಳು. ಮನೆ ಪಡಸಾಲೆಯೇ ಅವಳ ಕೆಲಸದ ಜಾಗ. ಸುತ್ತಮುತ್ತ ಯಾರ ಮನೇಲಿ ಮದುವೆ ಆದ್ರೂ ಹಸೆಮಣೆ ಅವಳ ಮನೆಯಿಂದಲೇ ಹೋಗಬೇಕು. ಗಂಡಿಗೊಂದು, ಹೆಣ್ಣಿಗೊಂದು, ಜೋಡಿ ಮಣೆ. ಎರಡೂ ಒಂದೇ ದಪ್ಪ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆಯ್ತೋ, ಬೀಗರು ಬೀಗರು ಜುಟ್ಟು ಜುಟ್ಟು ಹಿಡ್ಕೊಳ್ಳೋರು. ಮದುವೆಗೆ ಬರೋದೇ ಅದಕ್ಕೆ ತಾನೆ!

ಹತ್ತರಿ ತಳ್ಳಿ ತಳ್ಳಿ ಕಾಳಮ್ಮನ ಬಲಭುಜ ಬಿದ್ದುಹೋಯ್ತು. "ಇನ್ನೊಂದು ಸಲ ಹತ್ತರಿ ಹಿಡಿದ್ರೆ ಈ ಕೈ ಮತ್ತೆ ಮೇಲಕ್ಕೇಳಲ್ಲ ಕಣಮ್ಮಾ" ಅಂದ್ಬಿಟ್ರು ಡಾಕ್ಟ್ರು. ಅದೇ ಹೊತ್ತಿಗೆ ಚಲುವೇಗೌಡರ ಮಗಳ ಮದುವೆ ಗೊತ್ತಾಯ್ತು. ಈಗ ಮಣೆ ಕೊಡದೆ ಹೋದ್ರೆ ಗೌಡರು ಪೇಟೆ ಪ್ಲೈವುಡ್ ಅಂಗಡಿಗೆ ಹೋಗ್ತಾರೆ, ಅವರ ಹಿಂದೆ ಊರೂರೇ ಹೋಗುತ್ತೆ. ಕೈಯೂ ಉಳೀಬೇಕು, ಮಣೆ ಮಾಡೋ ಮನೆ ಅನ್ನೋ ಹೆಸರೂ ಉಳೀಬೇಕು. ಕಾಳಮ್ಮ ಯೋಚನೆ ಮಾಡಿ ಮಾಡಿ, ಮಿಷನ್ ತರಿಸೋದೇ ಸರಿ ಅಂದ್ಕೊಂಡ್ಳು.

ಇದ್ದವನು ಒಬ್ಬನೇ ಮಗ. ಮೌನಿ ಅಂತ. ಆಳು ನೋಡಿದ್ರೆ ತೊಲೆ, ತಲೆ ಒಳಗೆ ಬರೀ ಹೊಟ್ಟು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಳ್ಳೇ ಗುಣ ಅಲ್ವಾ ಅಂತೀರಾ? ಕೇಳಿ ಹಂಗಾದ್ರೆ.

"ಮೌನೀ, ಪೇಟೆಗೆ ಹೋಗು. ಎರಡು ಕೆಲಸದ ಹತ್ತರಿ ಮಿಷನ್ ಇರುತ್ತೆ. ಮೇಲೆ ತಳ್ಳಿದ್ರೆ ಹಲಗೆಯ ಸೊಟ್ಟ ಹೋಗಿ ನೆಟ್ಟಗಾಗುತ್ತೆ, ಕೆಳಗೆ ತೂರಿಸಿದ್ರೆ ದಪ್ಪ ಸಮ ಆಗುತ್ತೆ. ಒಂದೇ ಮಿಷನ್ನು, ಎರಡೂ ಕೆಲಸ. ನಾನು ಈ ಕೈ ಇಟ್ಕೊಂಡು ಬಸ್ ಹತ್ತೋಕಾಗಲ್ಲ. ನೀನೇ ನೋಡಿ ಆರಿಸ್ಕೊಂಡು ಬಾ."

"ಏನು ನೋಡ್ಲವ್ವಾ?"

"ಅಂಗಡಿಯವನ ಮಾತು ಕಿವಿಗೆ ಹಾಕ್ಕೋಬೇಡ. ಕೈಯಾಡಿಸಿ ನೋಡು. ಅಂಗಡೀಲಿ ಎಲ್ಲಕ್ಕಿಂತ ನುಣ್ಣಗಿರೋದು ಯಾವುದೋ ಅದನ್ನ ತಗೊಂಡು ಬಾ!"

"ಆಗ್ಲವ್ವಾ!"

ಹೋದ. ಈ ಮಿಷನ್ ಮೇಲೆ ಕೈಯಾಡಿಸಿದ, ನುಣ್ಣಗಿತ್ತು. ಆ ಮಿಷನ್ ಮೇಲೆ ಕೈಯಾಡಿಸಿದ, ಇನ್ನೂ ನುಣ್ಣಗಿತ್ತು. ಅಂಗಡಿಯವನು ಬಗ್ಗಿ ಮಿಷನ್ ತೋರಿಸ್ತಿದ್ದ. ಅವನ ಬೋಳುತಲೆ ಮೇಲೂ ಒಂದ್ಸಲ ಕೈಯಾಡಿಸಿದ. ಇದಕ್ಕಿಂತ ನುಣುಪು ಇನ್ನೆಲ್ಲಿ!

"ನಡೀರಿ ಮನೆಗೆ!" ಅಂದ.

ಅಂಗಡಿಯವನೇನು ಕಮ್ಮಿ ಪೆದ್ದನಾ? ಮನೇಲಿ ಜಾಗ ತೋರಿಸೋಕೆ ಕರೀತಿದಾನೆ, ವ್ಯಾಪಾರ ಕುದುರ್ತು ಅಂತ ಬಾಗಿಲೆಳೆದು ಹಿಂದೇನೇ ಬಂದ. ಬಂದು ಕಾಳಮ್ಮನ ಪಡಸಾಲೇಲಿ ಕೂತು ಕಾಫಿನೂ ಕುಡಿದ.

"ಮಿಷನ್ ಎಲ್ಲೋ?"

"ಅಂಗಡೀಲಿ ಎಲ್ಲಕ್ಕಿಂತ ನುಣ್ಣಗಿದ್ದಿದ್ದು ಇವರೇ ಕಣವ್ವಾ. ತಗೊಂಡು ಬಂದಿದೀನಿ!"

ಅಂಗಡಿಯವನು ಲೋಟ ಕುಕ್ಕಿ ಎದ್ದುಹೋದ. ಕಾಳಮ್ಮ ತಲೆ ಚಚ್ಚಿಕೊಂಡ್ಳು. "ಅಯ್ಯೋ ಮುಠ್ಠಾಳಾ! ಮನುಷ್ಯನ್ನ ತಂದ್ಯೇನೋ! ಮೂಲೆಮಟ್ಟ ಹಿಡಿದು ನೋಡಬೇಕು ಕಣೋ. ಮಿಷನ್ ಪಕ್ಕಕ್ಕೆ ಸೇರಿಸಿ ಇಟ್ರೆ ನೆಟ್ಟಗೆ ನಿಂತಿದೆಯೋ ವಾಲಿದೆಯೋ ಗೊತ್ತಾಗುತ್ತೆ. ವಾಲಿದ್ರೆ ಅದನ್ನ ಮುಟ್ಟಲೇಬೇಡ!"

"ಆಗ್ಲವ್ವಾ! ವಾಲಿದ್ರೆ ಮುಟ್ಟಲ್ಲ!"

ಮಾರನೇ ದಿನ ಮೂಲೆಮಟ್ಟ ಹಿಡ್ಕೊಂಡು ಹೊರಟ. ಬಸ್ ಬಂತು. ಬಾಗಿಲಲ್ಲಿ ಜನ ಜೋತುಬಿದ್ದು ಎಡಕ್ಕೆ ವಾಲಿತ್ತು. ಮೌನಿ ಮಟ್ಟ ಹಿಡಿದು ನೋಡಿದ. "ವಾಲಿದೆ! ಮುಟ್ಟಲ್ಲ!" ಇನ್ನೊಂದು ಬಸ್ ಬಂತು. ಅದೂ ವಾಲಿತ್ತು. ನಮ್ಮ ಕಡೆ ಯಾವ ಬಸ್ಸು ನೆಟ್ಟಗೆ ಬರುತ್ತೆ ಹೇಳಿ? ಕಂಡಕ್ಟರು ಬಾಯಿಗೆ ಬಂದಂಗೆ ಬೈದ. ಇವನು ನಡ್ಕೊಂಡೇ ಹೋದ.

ದಾರೀಲಿ ಕೆರೆ ಏರಿ ಮೇಲೆ ಚಲುವೇಗೌಡರ ಮೊಪೆಡ್ ಜಾರಿ ಚರಂಡಿಗೆ ವಾಲ್ಕೊಂಡಿತ್ತು. ಅದರ ಕೆಳಗೆ ಗೌಡರು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

"ಲೋ ಮೌನೀ! ಎತ್ತೋ! ಸತ್ತೆ ಕಣೋ!"

ಮೌನಿ ಹತ್ರ ಹೋದ, ಬಗ್ಗಿದ, ಗೌಡರ ಹೆಗಲಿಗೆ ಮೂಲೆಮಟ್ಟ ಹಿಡಿದ. "ನೀವು ವಾಲಿದೀರಿ ಗೌಡ್ರೇ. ಮುಟ್ಟಲ್ಲ!"

"ಥೂ ನಿನ್ನ!"

ಮೌನಿ ಪೇಟೆ ಸೇರೋ ಹೊತ್ತಿಗೆ ಅಂಗಡಿ ಮುಚ್ಚಿತ್ತು. ಮನೆಗೆ ಬಂದ್ರೆ ಮೈಯೆಲ್ಲಾ ಕೆಸರು ಬಳ್ಕೊಂಡು ಗೌಡರು ಬಾಗಿಲಲ್ಲೇ ನಿಂತಿದ್ರು. "ನೋಡು ಕಾಳಮ್ಮಾ, ನಿನ್ನ ಮುಖ ನೋಡ್ಕೊಂಡು ಬಿಡ್ತಿದೀನಿ. ಮಣೆ ಏನಾದ್ರೂ ಹೆಚ್ಚುಕಮ್ಮಿ ಆಯ್ತು, ನಿಮ್ಮ ಮನೆಗೂ ನಮಗೂ ಅಲ್ಲಿಗೆ ಮುಗೀತು!"

ಗೌಡರು ಹೋದ ಮೇಲೆ ಕಾಳಮ್ಮ ಶುರು ಮಾಡಿದ್ಳು. "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕೊರಡೇ! ಬಿದ್ದಿರೋದು ಕಂಡ್ರೆ ಬಿಟ್ಟು ಬರ್ತಾರೇನೋ? ಹಗ್ಗ ಹಾಕಿ, ನಾಕು ಜನ ಸೇರಿಸಿ, ಎತ್ತಿ ಟೆಂಪೋಗೆ ಹಾಕಿ, ಮನೆ ಮುಟ್ಟಿಸಬೇಕು!"

"ಆಗ್ಲವ್ವಾ! ಮನೆ ಮುಟ್ಟಿಸ್ತೀನಿ!"

ಮತ್ತೆ ಹೊರಟ. ಈ ಸಲ ಹೆಗಲ ಮೇಲೆ ಹಗ್ಗ. ಕೆರೆ ಅಂಚಲ್ಲಿ ಒಂದು ಎಮ್ಮೆ ಕೆಸರಲ್ಲಿ ತಣ್ಣಗೆ ಬಿದ್ಕೊಂಡಿತ್ತು. ಬಿದ್ದಿದೆ! ಮೌನಿ ಹಗ್ಗ ಹಾಕಿದ. ದಾರೀಲಿ ಹೋಗ್ತಿದ್ದ ನಾಕು ಜನರನ್ನ ಕೂಗಿದ. ಬಂದ್ರು ನೋಡಿ, ಏನು, ಎತ್ತ, ಯಾಕೆ ಅಂತ ಒಬ್ಬನೂ ಕೇಳಲಿಲ್ಲ. ಎಳೆಯೋದು ಅಂದ್ರೆ ನಮ್ಮೂರವರಿಗೆ ಅಷ್ಟು ಆಸೆ. ಹೋ ಅಂದ್ರು, ಹಾ ಅಂದ್ರು, ಟೆಂಪೋಗೆ ಹತ್ತಿಸಿದ್ರು, ತಂದು ಕಾಳಮ್ಮನ ಮನೆ ಬಾಗಿಲಲ್ಲಿ ಇಳಿಸಿ ಒಳಗೆ ತಳ್ಳಿದ್ರು. ಎಮ್ಮೆ ಹೊಟ್ಟೆ ಬಾಗಿಲ ಚೌಕಟ್ಟಲ್ಲಿ ಸಿಕ್ಕಿಹಾಕ್ಕೊಳ್ತು. ತಲೆ ಪಡಸಾಲೇಲಿ, ಬಾಲ ಬೀದೀಲಿ.

"ಏನೋ ಇದೂ!"

"ಬಿದ್ದಿತ್ತವ್ವಾ. ಮನೆ ಮುಟ್ಟಿಸಿದೆ!"

ಎಮ್ಮೆ ಯಾರದ್ದು ಅಂತೀರಿ? ಚಲುವೇಗೌಡರದ್ದೇ! ಎಮ್ಮೆ ಬಿಡಿಸೋಕೆ ಮಧ್ಯಾಹ್ನ ಆಯ್ತು. ಗೌಡರ ಮನೆ ಆಳು ಅದನ್ನ ಹೊಡ್ಕೊಂಡು ಹೋಗುವಾಗ ಬೈದಿದ್ದನ್ನ ನಾನು ಇಲ್ಲಿ ಹೇಳೋ ಹಾಗಿಲ್ಲ, ಹೆಂಗಸರು ಕೂತಿದೀರಿ.

ಕಾಳಮ್ಮನಿಗೆ ಅಳು ಬಂತು. "ಕೇಳೋ ಇಲ್ಲಿ. ಸೊಟ್ಟ ಹಲಗೇನ ಮಿಷನ್ ಮೇಲೆ ನೆಟ್ಟಗೆ ಮಾಡದೆ ಕೆಳಗೆ ತೂರಿಸಿದ್ರೆ ಏನಾಗುತ್ತೆ ಗೊತ್ತಾ? ಸೊಟ್ಟಗೇ ಹೊರಗೆ ಬರುತ್ತೆ, ತೆಳ್ಳಗೆ ಆಗಿರುತ್ತೆ ಅಷ್ಟೆ. ನಿನಗೆ ಬುದ್ಧಿ ಹೇಳೋದೂ ಹಂಗೇ ಆಯ್ತು. ನೀನು ಸೊಟ್ಟಗೇ ಇದೀಯ, ತೆಳ್ಳಗೆ ಆಗ್ತಿರೋಳು ನಾನು!"

"ಹೌದವ್ವಾ, ಸೊರಗಿದೀಯ," ಅಂದ ಮೌನಿ.

"ಬಾಯ್ಮುಚ್ಚು! ಯಾವ ಸಾಮಾನೇ ತರಲಿ, ನಮ್ಮ ಬಾಗಿಲು ಹಿಡಿಸುತ್ತಾ ಅಂತ ಮೊದಲು ನೋಡಬೇಕು. ಬಾಗಿಲ ಅಳತೆ ಇಟ್ಟು ನೋಡಿ ತಗೋಬೇಕು!"

"ಆಗ್ಲವ್ವಾ!"

ಬೆಳಗ್ಗೆ ಕಾಳಮ್ಮ ಎದ್ದು ನೋಡ್ತಾಳೆ, ಮನೆಗೆ ಬಾಗಿಲೇ ಇಲ್ಲ. ಕೀಲು ಬಿಚ್ಚಿ ಬಾಗಿಲು ಹೊತ್ಕೊಂಡು ಹೋಗಿದ್ದ. ಪಾಪ, ಅವನು ಬರೋವರೆಗೂ ಆ ಹೆಂಗಸು ಕೋಲು ಹಿಡ್ಕೊಂಡು ತಾನೇ ಬಾಗಿಲಾಗಿ ನಿಂತಿದ್ಳು. ನೀರು ತರೋಕೆ ಅಂತ ಆ ಕಡೆ ಹೋದ ಒಂದು ಗಳಿಗೇಲಿ ನಾಯಿ ನುಗ್ಗಿ ಸಾರಿನ ಮಡಕೆ ಉರುಳಿಸ್ತು.

ಅಂಗಡೀಲಿ ಏನಾಯ್ತು? ಬೋಳುತಲೆಯವನು ಮೌನೀನ ಕಂಡ ಕೂಡಲೇ ಟವಲ್ ಸುತ್ಕೊಂಡ. ಆದ್ರೂ ವ್ಯಾಪಾರ ಬಿಡ್ತಾನಾ? "ನೋಡಿ, ಇದು ಪರದೇಶದ್ದು. ಇದು ಗಿರಗಿರ ತಿರುಗುತ್ತೆ. ಇದಕ್ಕೆ ಕತ್ತಿ ಜಾಸ್ತಿ. ಅದು ಚಿಕ್ಕದು, ಮನೆಗೆ ಚೆಂದ. ಇದಕ್ಕೆ ಫ್ಯಾಕ್ಟರಿ ಕರೆಂಟೇ ಬೇಕು, ಆದ್ರೆ ನೋಡೋಕೆ ಎಷ್ಟು ಗತ್ತಾಗಿದೆ ನೋಡಿ!" ಒಂದೇ ಸಮ ಬಡ್ಕೊಂಡ. ಮೌನಿ ಚಿಕ್ಕ ಮಿಷನ್ ಮೇಲೆ ಬಾಗಿಲು ಇಟ್ಟ, ಬಾಗಿಲು ಹೊರಗೆ ಚಾಚ್ಕೊಳ್ತು. ಫ್ಯಾಕ್ಟರಿ ಮಿಷನ್ ಮೇಲೆ ಇಟ್ಟ, ಬಾಗಿಲು ಸಾಲಲಿಲ್ಲ. ಮಧ್ಯದ್ದರ ಮೇಲೆ ಇಟ್ಟ, ಅಂಚಿಗೆ ಅಂಚು ಕೂತ್ಕೊಳ್ತು.

"ಇದೇ ಕೊಡಿ!"

ನಗಬೇಡಿ, ಅದೇ ಸರಿಯಾದ ಮಿಷನ್ನು! ಮಣೆಗೆ ತಕ್ಕ ಅಗಲ, ಮನೆ ಕರೆಂಟಿಗೇ ಓಡುತ್ತೆ, ಮೇಲಿನ ಮೇಜು ಎತ್ತಿದ್ರೆ ಕೆಳಗಿನ ಕೆಲಸ ರೆಡಿ. ಓದಿದೋರು ತಿಂಗಳುಗಟ್ಟಲೆ ಮೊಬೈಲ್ ಉಜ್ಜಿ ಉಜ್ಜಿ, ಮನೇಲಿ ಜಗಳ ಆಡಿ, ಕೊನೆಗೆ ಬೇಡದ್ದನ್ನ ತಂದು ಅದರ ಮೇಲೆ ಬಟ್ಟೆ ಒಣಗಿಸ್ತಾರೆ. ಇವನು ಬಾಗಿಲು ಹೊದಿಸಿ ಆರಿಸಿದ. ಬಾಗಿಲು ಕಿತ್ತಿದ್ದಕ್ಕೆ ಮಿಷನ್ನೂ ಸಲೀಸಾಗಿ ಒಳಗೆ ಹೋಯ್ತು.

ಕಾಳಮ್ಮ ಮಿಷನ್ ಮುಟ್ಟಿ ಕಣ್ಣಿಗೊತ್ಕೊಂಡ್ಳು. ಸಂತೋಷಕ್ಕೆ ಕಣ್ಣಲ್ಲಿ ನೀರು. ಆಮೇಲೆ ಉರುಳಿದ ಮಡಕೆ ಕಣ್ಣಿಗೆ ಬಿತ್ತು. "ಆದ್ರೂ ಪೆದ್ದಾ! ಅಳತೆ ನೋಡು ಅಂದ್ರೆ ಬಾಗಿಲೇ ಹೊತ್ಕೊಂಡು ಹೋಗೋದಾ? ಕಣ್ಣಲ್ಲಿ ನೋಡಿ ಅಳತೆ ತಗೋಬೇಕು ಕಣೋ. ಯಾವ ಸಾಮಾನು ಮಾಡಿದ್ರೂ ಬಳಸೋರ ಅಳತೆ ನೋಡಿ ಮಾಡಬೇಕು!"

"ಆಗ್ಲವ್ವಾ! ಬಳಸೋರ ಅಳತೆ!"

ಮದುವೆಗೆ ದಿನ ಹತ್ರ ಬಂತು. ಕಾಳಮ್ಮನ ಭುಜ ಊದಿ, ಎಣ್ಣೆ ಹಾಕಿ ನೀವಿಸ್ಕೊಳ್ಳೋಕೆ ಪಕ್ಕದೂರಿನ ನಾಟಿ ವೈದ್ಯರ ಹತ್ರ ಹೋಗಬೇಕಾಯ್ತು. ಹೋಗುವಾಗ ಹೇಳಿದ್ಳು: "ಹಲಸಿನ ಹಲಗೆ ಕೊಯ್ಸಿ ಇಟ್ಟಿದೀನಿ. ಮೊದಲು ಮೇಲೆ, ಆಮೇಲೆ ಕೆಳಗೆ. ಗಂಡು ಹೆಣ್ಣು ಕೂತಾಗ ಒಂದೇ ಮಟ್ಟಕ್ಕೆ ಇರಬೇಕು, ತಿಳೀತಾ? ಬಟ್ಟೆ ಸುತ್ತಿ ಮದುವೆ ಮನೆಗೆ ಕೊಟ್ಬಿಡು. ನಾನು ಸೀದಾ ಅಲ್ಲಿಗೇ ಬರ್ತೀನಿ."

"ಆಗ್ಲವ್ವಾ! ಕೂತಾಗ ಒಂದೇ ಮಟ್ಟ!"

ಮೌನಿ ಹೋಗಿ ಬಳಸೋರನ್ನ ನೋಡ್ಕೊಂಡು ಬಂದ. ಹೆಣ್ಣು ಉದ್ದ, ತೆಂಗಿನ ಮರ. ಗಂಡು ಗಿಡ್ಡ. ಊರಿಗೆಲ್ಲಾ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಜಾತಕ ಕೂಡಿತ್ತಲ್ಲ, ಸಾಕು. ಮೌನಿ ಬಂದು ಹೆಣ್ಣಿನ ಹಲಗೇನ ತೂರಿಸಿದ, ತೂರಿಸಿದ, ತೂರಿಸಿದ, ಹಪ್ಪಳ ಆಯ್ತು. ಗಂಡಿಗೆ ಹಲಗೆ ಸಾಲಲಿಲ್ಲ. ಹಿತ್ತಲಲ್ಲಿ ಗೇಣು ದಪ್ಪದ ದಿಮ್ಮಿ ಇತ್ತು, ಅದನ್ನೇ ನುಣ್ಣಗೆ ಮಾಡಿದ. ಎರಡಕ್ಕೂ ಬಟ್ಟೆ ಸುತ್ತಿದ, ಕೊಟ್ಟು ಬಂದ. ನಮ್ಮ ಕಡೆ ಹಸೆಮಣೆ ಬಟ್ಟೆ ಬಿಚ್ಚೋದು ಮುಹೂರ್ತಕ್ಕೇ. ಮಂಟಪಕ್ಕೆ ಹೊತ್ತವನು ಒಂದು ಭಾರ, ಒಂದು ಹಗುರ ಅಂತ ನೋಡಬಾರದಿತ್ತಾ? ಅವನೂ ಒಬ್ಬ ಮೌನಿ!

ಮುಹೂರ್ತ ಬಂತು. ಬಟ್ಟೆ ಬಿಚ್ಚಿದ್ರು. ವಾಲಗದವನು ಊದ್ತಿದ್ದವನು ನಿಲ್ಲಿಸಿಬಿಟ್ಟ. ಹೊತ್ತಾಗುತ್ತೆ, ಕೂರಿಸಿ ಕೂರಿಸಿ ಅಂದ್ರು ಪುರೋಹಿತರು. ಗಂಡು ದಿಮ್ಮಿ ಮೇಲೆ ಕೂತ್ಕೊಂಡ. ಹೆಣ್ಣು ಹಪ್ಪಳದ ಮೇಲೆ ಕೂತ್ಕೊಂಡ್ಳು. ಫಟ್! ಅವಳ ಕೆಳಗೆ ಮಣೆ ಎರಡು ಹೋಳು. ಆದ್ರೆ ಇಬ್ಬರ ತಲೆಯೂ ಒಂದೇ ಮಟ್ಟ!

"ನಮ್ಮ ಹುಡುಗೀನ ನೆಲಕ್ಕೆ ಹಾಕಿ ಗಂಡನ್ನ ಅಟ್ಟಕ್ಕೇರಿಸಿದೀರಾ?" ಅಂತ ಹೆಣ್ಣಿನ ಕಡೆಯವರು.

"ಏರಿಸಿದ್ರೆ ಏನೀಗ?" ಅಂತ ಗಂಡಿನ ಕಡೆಯವರು.

ಕಾಳಮ್ಮ ಆಗ ತಾನೇ ಬಂದು ಜನದ ಹಿಂದೆ ನಿಂತಿದ್ಳು. ಎತ್ತರ ತಗ್ಗು ಅಂತ ಕೂಗಾಡೋದು ಕೇಳಿಸ್ತೇ ಹೊರತು ಮಣೆ ಸೀಳಿದ್ದು ಅವಳಿಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಮಗನನ್ನ ತಳ್ಳಿ ಕೂಗಿದ್ಳು: "ಓಡೋ! ಗಂಡಿನ ಮಣೆ ತಗೊಂಡು ಓಡು! ಹೆಣ್ಣಿನ ಮಣೆ ಹೆಂಗಿದೆಯೋ ಅದನ್ನೂ ಹಂಗೇ ಮಾಡ್ಕೊಂಡು ಬಾ! ಎರಡೂ ಸಮ ಇರಬೇಕು!"

"ಆಗ್ಲವ್ವಾ!"

ಗಂಡನ್ನ ಎಬ್ಬಿಸಿ, ದಿಮ್ಮಿ ಹೊತ್ಕೊಂಡು ಓಡಿದ. ಮನೇಲಿ ಮಿಷನ್ ಗುಂಯ್ ಅಂತು. ತೂರಿಸಿದ, ತೂರಿಸಿದ, ತೂರಿಸಿದ. ಮುಹೂರ್ತ ಇವನಿಗೆ ಕಾಯುತ್ತಾ? ಗಂಡನ್ನೂ ಹೆಣ್ಣನ್ನೂ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ತಾಳಿ ಕಟ್ಟಿಸಿದ್ರು. ಎಲೆ ಹಾಕಿ, ಪಾಯಸ ಬಡಿಸೋ ಹೊತ್ತಿಗೆ ಮೌನಿ ಏದುಸಿರು ಬಿಡ್ತಾ ಬಂದ. ಆ ಕೈಲೊಂದು ಹೋಳು, ಈ ಕೈಲೊಂದು ಹೋಳು.

"ಹೆಣ್ಣಿಂದು ಎರಡಾಗಿತ್ತು. ಇದನ್ನೂ ಮೊಣಕಾಲಿಗೆ ಬಡಿದು ಎರಡು ಮಾಡಿದೆ. ಈಗ ಸಮ ಅವ್ವಾ!"

ಊಟಕ್ಕೆ ಕೂತಿದ್ದ ಊರು ಬಿದ್ದು ಬಿದ್ದು ನಕ್ತು. ಚಲುವೇಗೌಡರು ಮಾತ್ರ ನಗಲಿಲ್ಲ. "ಕಾಳಮ್ಮಾ, ಇನ್ಮೇಲೆ ಯಾರ ಮದುವೆಗೂ ನಿಮ್ಮನೆ ಮಣೆ ಬೇಡ," ಅಂದು ಹೊರಟುಹೋದ್ರು.

ಕಾಳಮ್ಮನಿಗೆ ನಾಚಿಕೆಗೆ ಮೈ ಉರೀತು. ಮಗನ ಕೆನ್ನೆಗೆ ಬಾರಿಸೋಣ ಅಂತ ಬಲಗೈ ಎತ್ತೋಕೆ ಹೋದ್ಳು. ಏಳಲಿಲ್ಲ. ಮತ್ತೆ ಎತ್ತೋಕೆ ನೋಡಿದ್ಳು. ಆಗಲೂ ಏಳಲಿಲ್ಲ.

ಮೌನಿ ಎರಡೂ ಹೋಳು ಕೆಳಗಿಟ್ಟ. ಅವ್ವನ ಎಡಗೈ ಹಿಡ್ಕೊಂಡು ತನ್ನ ಬಲಗೆನ್ನೆಗೆ ಪಟೀರ್ ಅಂತ ತಾನೇ ಹೊಡ್ಕೊಂಡ. ಆಮೇಲೆ ಇನ್ನೊಂದು ಕೆನ್ನೆ ತಿರುಗಿಸಿ ಕೇಳಿದ:

"ಇದನ್ನೂ ಸಮ ಮಾಡ್ಲಾ ಅವ್ವಾ?"