ನಿದ್ದೆ ಗೆದ್ದ ಓಬಳ

"ಕೇಳ್ರಪ್ಪೋ ಕೇಳಿ! ದೊರೆಮಗಳು ಹೊನ್ನಾಜಮ್ಮಣ್ಣಿ ಮೂರು ಒಗಟು ಹಾಕ್ತಾರೆ. ಬಿಡಿಸಿದವನಿಗೆ ಅಮ್ಮಣ್ಣಿನ ಧಾರೆ ಎರೆದು, ಅರ್ಧ ಸೀಮೆ ಬರೆದು, ಕೇಳಿದ್ದೊಂದು ಕೊಡ್ತಾರೆ. ತಪ್ಪಿದವನಿಗೆ ಕತ್ತಿ!"

ಸಾರಿ ಸಾರಿ ಡಂಗುರದವನ ಗಂಟಲೇ ಬತ್ತಿಹೋಗಿತ್ತು. ಹದ್ದಿನಕಲ್ಲು ದುರ್ಗದ ಕೋಟೆ ಎಂಥದ್ದು ಅಂದರೆ, ಮೇಲಿಂದ ಬಿಟ್ಟ ಕಲ್ಲು ನೆಲ ಮುಟ್ಟುವಷ್ಟರಲ್ಲಿ ಪಾಚಿ ಹಿಡಿಯುತ್ತಿತ್ತು. ಆದರೂ ದೊರೆ ಇರಗಪ್ಪನಾಯಕನಿಗೆ ಸಾಲದು, ಇನ್ನೂ ಏರಿಸಿ ಅನ್ನುತ್ತಿದ್ದ. ಆ ಗೋಡೆಗೆ ಮಣ್ಣು ಹೊರುತ್ತಿದ್ದವನು ಓಬಳ. ಏಳು ವರ್ಷದ ಬಿಟ್ಟಿ ದುಡಿಮೆ. ತಲೆ ಮೇಲೆ ಮಂಕರಿ ಇದ್ದ ಹಾಗೇ ನಿದ್ದೆಹೋಗಿ ನೂರು ಮೆಟ್ಟಿಲು ಹತ್ತಿಬಿಡುತ್ತಿದ್ದ ಪ್ರಾಣಿ.

ಡಂಗುರ ಕೇಳಿ ಅವನು ಮಂಕರಿ ಇಳಿಸಿದ.

"ಎಲ್ಲಿಗೋ?" ಅಂದಳು ಜತೆಗೆ ಹೊರುತ್ತಿದ್ದ ಮಾಳಕ್ಕ.

"ಒಗಟು ಬಿಡಿಸೋಕೆ. ಗೆದ್ದರೆ ಎಲ್ಲರ ಬಿಟ್ಟಿ ಬಿಡಿಸಿ ಮಲಗ್ತೀನಿ. ಸೋತರೂ ಮಲಗೋದೇ ಅಲ್ವೇನಕ್ಕ?"

"ಥೂ, ಬಿಡ್ತು ಅನ್ನು!"

ಓಲಗಸಾಲೆಯಲ್ಲಿ ಅಮ್ಮಣ್ಣಿ ಆಕಳಿಸುತ್ತ ಕೂತಿದ್ದಳು. ಎಷ್ಟನೆಯ ಸಲವೋ, ಒಗಟು ಹೇಳಿದಳು: "ಬದುಕಿನಲ್ಲಿ ಒಂದೇ ಸಲ ಹಾರಿ, ಇಳಿದ ಕೂಡಲೇ ತನ್ನ ರೆಕ್ಕೆ ತಾನೇ ಉದುರಿಸಿ, ಗಂಡನ ಜತೆ ಕತ್ತಲೆಗೆ ಇಳಿಯುವ ರಾಣಿ ಯಾರು? ಕಣ್ಣಿಲ್ಲ, ಕರಣೆಯಿಲ್ಲ, ಕೊಡ ನೀರಿಲ್ಲ. ಆದರೂ ತಮ್ಮ ಸಾವಿರ ಪಾಲು ಎತ್ತರಕ್ಕೆ ಗೋಡೆ ಎಬ್ಬಿಸುವವರು ಯಾರು? ನೇಗಿಲು ಕಾಣದ, ಬಿಸಿಲು ಕಾಣದ, ಮನೆಯೊಳಗೇ ಬೆಳೆಯುವ ತೋಟ ಯಾವುದು?"

ದಳವಾಯಿಯ ಮಗ ಮೀಸೆ ತಿರುವಿದ. "ಮೊದಲನೆಯದು ನವಿಲು."

"ನವಿಲು ಒಂದೇ ಸಲ ಹಾರುತ್ತದೋ?" ಅಂದಳು ಅಮ್ಮಣ್ಣಿ. ಅವನ ಕತೆ ಮುಗಿಯಿತು.

ಕಾಶಿಯಿಂದ ಬಂದಿದ್ದ ಪಂಡಿತ ಕಣ್ಣು ಮುಚ್ಚಿದ. "ಜೀವಾತ್ಮ, ಕರ್ಮ, ಮಾಯೆ."

"ಮಾಯೆಯ ತೋಟದಲ್ಲಿ ಏನು ಬೆಳೀತೀರಿ ಸ್ವಾಮಿ, ಬದನೆಕಾಯೋ?" ಅವನದೂ ಮುಗಿಯಿತು. ಕತ್ತಿಯವನು ಸೊಂಟ ಹಿಡಿದುಕೊಂಡು, "ಇವತ್ತಿಗೆ ಇನ್ನೆಷ್ಟು ಮಂದಿ, ಬುದ್ಧಿ?" ಅಂದ.

"ಇನ್ನೊಬ್ಬ," ಎಂದು ಓಬಳ ಮುಂದೆ ಬಂದ. "ಅಮ್ಮಣ್ಣೀ, ಮೂರಕ್ಕೂ ಉತ್ತರ ಒಂದೇ ಹುತ್ತದಲ್ಲಿದೆ. ಮೊದಲ ಮಳೆ ಬಿದ್ದಾಗ ರೆಕ್ಕೆಯ ಗೆದ್ದಲು ಹಾರುತ್ತವೆ. ಹೆಣ್ಣು ಇಳಿದು ರೆಕ್ಕೆ ಉದುರಿಸಿ, ಜತೆಗಾರನೊಂದಿಗೆ ಮಣ್ಣು ಕೊರೆದು ಒಳಗೆ ಸೇರುತ್ತೆ. ಅದೇ ರಾಣಿ. ಇಬ್ಬರಿಂದ ಊರಾಗುತ್ತೆ. ಹುಟ್ಟಿದ ಆಳುಗಳಿಗೆ ಕಣ್ಣಿಲ್ಲ. ಮಣ್ಣಿನ ಕಾಳನ್ನ ಎಂಜಲಲ್ಲಿ ಕಲಸಿ ಕಾಳಿನ ಮೇಲೆ ಕಾಳು ಇಟ್ಟು ಹುತ್ತ ಎಬ್ಬಿಸುತ್ತವೆ. ಒಳಗೆ, ಅಗಿದ ಸೊಪ್ಪುಸೌದೆಯ ಗುಡ್ಡೆಯ ಮೇಲೆ ಬೂಷ್ಟು ಬೆಳೆಸಿ ತಿನ್ನುತ್ತವೆ. ಮಳೆಗೆ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದೇ."

ಅಮ್ಮಣ್ಣಿಯ ಆಕಳಿಕೆ ಅರ್ಧಕ್ಕೇ ನಿಂತಿತು. ದೊರೆ ಮಾತ್ರ, "ಕಣ್ಣಿಲ್ಲದವು ಕಟ್ಟುತ್ತವೋ? ಸಾಕ್ಷಿ ತೋರಿಸು, ಇಲ್ಲಾ ತಲೆ ಕೊಡು," ಅಂದ.

ಮಣ್ಣು ಹೊರುವವರಲ್ಲಿ ಒಂದು ಕಟ್ಟಳೆ. ಹುತ್ತದ ಮಣ್ಣು ಬೇಕಾದರೆ ಮೊದಲು ಬೆಳಗ್ಗೆ ಚೂರು ಮುರಿದು ಬರಬೇಕು. ಸಂಜೆಗೆ ಅಲ್ಲಿ ಹಸಿಮಣ್ಣಿನ ತೇಪೆ ಬಿದ್ದಿದ್ದರೆ ಅದು ಸಂಸಾರವಿರುವ ಮನೆ, ಗುದ್ದಲಿ ಹಾಕುವಂತಿಲ್ಲ. ಅದರಂತೆ ಮರುದಿನ ಬೆಳಗ್ಗೆ ಓಬಳ ಅರಮನೆ ಹಿತ್ತಲಿನ ಹುತ್ತವನ್ನು ಅಂಗೈಯಗಲ ಮುರಿದು ಕೂತ. ಪಕ್ಕದಲ್ಲಿ ಕತ್ತಿಯವನು. ಏಳು ವರ್ಷದಲ್ಲಿ ಅದೊಂದೇ ದಿನ ಓಬಳನಿಗೆ ತೂಕಡಿಕೆ ಬರಲಿಲ್ಲ. ಮಧ್ಯಾಹ್ನವಾದರೂ ತೂತು ತೂತಾಗಿಯೇ ಇತ್ತು. ಕತ್ತಿಯವನು ಒಮ್ಮೆ ಕತ್ತಿ ಮಸೆದ.

ಹೊತ್ತು ಇಳಿದಾಗ ದೊರೆ ಬಂದು ಬಗ್ಗಿ ಬೆರಳಿಟ್ಟ. ಬೆರಳಿಗೆ ಹಸಿಮಣ್ಣು ಹತ್ತಿತು.

"ನನ್ನ ಆಳುಗಳಿಗೆ ಚಾವಟಿ ಹಿಡಿದರೂ ಗೋಡೆ ತಿಂಗಳಿಗೆ ಒಂದು ಮೊಳ ಏಳಲ್ಲ. ಇವಕ್ಕೆ ಹೊಡೆಯೋರು ಯಾರೋ?"

"ಯಾರೂ ಇಲ್ಲ ಬುದ್ಧಿ. ಆ ಗೋಡೆಯೊಳಗೆ ಅವುಗಳ ಮಕ್ಕಳಿದ್ದಾವೆ. ನಾವು ಕಟ್ಟೋ ಗೋಡೆಯೊಳಗೆ ನಮ್ಮ ಮಕ್ಕಳಿಲ್ಲ."

ದೊರೆ ಬೆರಳಿಗೆ ಹತ್ತಿದ್ದ ಮಣ್ಣನ್ನು ಮತ್ತೆ ಆ ತೇಪೆಗೇ ಒತ್ತಿದ. ಆಮೇಲೆ, "ಏನು ಬೇಕೋ ಕೇಳು," ಅಂದ.

"ಬಿಟ್ಟಿ ನಿಲ್ಲಿಸಿ."

ಅವತ್ತೇ ಮಂಕರಿಗಳು ಇಳಿದವು. ಮಾಳಕ್ಕ ಹಿಂದೆ ನೋಡದೆ ಊರ ದಾರಿ ಹಿಡಿದಳು. ಅರ್ಧ ಸೀಮೆ ಓಬಳನದಾಯಿತು. ಇನ್ನು ಮದುವೆ. ಹಸೆಮಣೆ ಮೇಲೆ ಕೂತವನು ಹಾಗೇ ವಾಲಿ ನಿದ್ದೆಹೋದ. ಪುರೋಹಿತ ಗಟ್ಟಿಮೇಳಕ್ಕೆ ಕೈ ಎತ್ತಿದಾಗ ಹೊನ್ನಾಜಮ್ಮಣ್ಣಿ ಬಾಯಿಗೆ ಬೆರಳಿಟ್ಟು, "ಶ್!" ಅಂದಳು. ಆ ಸೀಮೆಯಲ್ಲಿ ಓಲಗವಿಲ್ಲದೆ ನಡೆದ ಮದುವೆ ಅದೊಂದೇ. ಮೂರು ಸಾವಿರ ಜನ ತುದಿಗಾಲಲ್ಲಿ ಬಂದು, ಪಿಸುಮಾತಲ್ಲಿ ಹರಸಿ, ಉಂಡು ಹೋದರು.